ಕಾಯಿ ಒಡೆದ ಕೈ

ತನ್ನ ಕೈಯಲ್ಲಿ ಕೆಲಸ ಕಲಿತವನೇ ತನ್ನ ಗಿರಾಕಿಗಳನ್ನು ಸೆಳೆದುಕೊಂಡರೆ ಯಾರ ಹೊಟ್ಟೆ ಉರಿಯುವುದಿಲ್ಲ? ಹುಚ್ಚರಾಯಪ್ಪನದೂ ಉರಿಯಿತು. ಶಿಕಾರಿಪುರದ ಅವನ ಗ್ಯಾರೇಜಿನಲ್ಲಿ ಹನ್ನೆರಡು ವರ್ಷ ಇದ್ದ ತೀರ್ಥೇಶ ಸೊರಬದ ರಸ್ತೆಯಲ್ಲಿ ಸ್ವಂತ ಗ್ಯಾರೇಜು ತೆರೆದ. ಹಾಳಾಗಿ ಹೋಗಲಿ ಎಂದು ಸುಮ್ಮನಿರಬಹುದಿತ್ತು. ಆದರೆ ಇಪ್ಪತ್ತು ವರ್ಷದ ಗಿರಾಕಿ ಪಂಚಾಕ್ಷರಪ್ಪನೂ ಲಾರಿಯ ಇಂಜಿನ್ ಬಿಚ್ಚಿಸಲು ಅಲ್ಲಿಗೇ ಹೋದ.

"ಅವನ ಕಿವಿ ಚಲೋ ಐತಿ ಮೇಸ್ತ್ರಿ," ಎಂದು ಬೇರೆ ಹೇಳಿದ.

ಆ ಕಿವಿ ಕೊಟ್ಟವರ್‍ಯಾರು? ಇಂಜಿನ್ ನಡುಗಿದರೆ ಚಾಲೂ ಮಾಡಿ, ಸಿಲಿಂಡರುಗಳಿಗೆ ಹೋಗುವ ಡೀಸೆಲ್ ಪೈಪುಗಳನ್ನು ಒಂದೊಂದಾಗಿ ಸಡಿಲಿಸಬೇಕು. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗದೋ ಆ ಸಿಲಿಂಡರೇ ಕಳ್ಳ. ಇದನ್ನು ಕಲಿಸಿದವನು ತಾನೇ ಅಲ್ಲವೇ?

ಕೆಲಸ ಮುಗಿದ ದಿನ ತೀರ್ಥೇಶ ಫೋನು ಮಾಡಿದ. "ನನ್ನ ಮೊದಲನೇ ದೊಡ್ಡ ಕೆಲಸ. ಕಾಯಿ ನೀವೇ ಒಡೀಬೇಕು ಗುರುಗಳೇ."

ಹುಚ್ಚರಾಯಪ್ಪ ಹೂವಿನ ಚೀಲ ಹಿಡಿದು ಹೋದ. ಹೂವಿನ ಅಡಿಯಲ್ಲಿ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಒಂದು ಸವೆದ ನಾಜಲ್ ಇತ್ತು. ತೀರ್ಥೇಶ ನಿಂಬೆಹಣ್ಣು ತರಲು ಪೇಟೆಗೆ ಹೋದ ಅರ್ಧ ಗಂಟೆಯಲ್ಲಿ, ಮೂರನೇ ಸಿಲಿಂಡರಿನ ಹೊಸ ನಾಜಲ್ ತೆಗೆದು ಆ ಸವೆದದ್ದನ್ನು ಕೂರಿಸಿದ. ಖಾಲಿ ಗಾಡಿಗೆ ಗೊತ್ತಾಗದು. ಲೋಡು ಬಿದ್ದರೆ ನಡುಗುತ್ತದೆ, ಹೊಗೆ ಉಗುಳುತ್ತದೆ. ಆಗ ತನ್ನನ್ನೇ ಕರೆಯುತ್ತಾರೆ. ನಾಲ್ಕು ಜನರೆದುರು ಆ ಹಳೆಯದನ್ನು ಎತ್ತಿ ತೋರಿಸಿದರೆ ಸಾಕು, ತೀರ್ಥೇಶನ ಗ್ಯಾರೇಜಿನತ್ತ ನಾಯಿಯೂ ಸುಳಿಯದು.

ಕಾಯಿ ಒಡೆದಾಯಿತು. ತೀರ್ಥೇಶ ಕಾಲಿಗೆ ಬಿದ್ದ. ಆಶೀರ್ವಾದಕ್ಕೆ ಎತ್ತಿದ ಕೈ ಡೀಸೆಲ್ ವಾಸನೆ ಹೊಡೆಯುತ್ತಿತ್ತು. ಥೂ ನನ್ನ ಜನ್ಮವೇ, ಎನಿಸಿತು. ಎರಡು ದಿನ ಗ್ಯಾರೇಜಿನ ಬಾಗಿಲು ತೆರೆಯಲಿಲ್ಲ.

"ಏನಾಗೈತ್ರೀ ನಿಮಗೆ?" ಎಂದಳು ಹೆಂಡತಿ ಮೂಕಮ್ಮ. ಹೇಳಿಬಿಡೋಣ ಎಂದುಕೊಂಡವನು ಮತ್ತೆ ಕೈ ತೊಳೆಯಲು ಎದ್ದು ಹೋದ.

ಮೂರನೇ ದಿನ ಪಂಚಾಕ್ಷರಪ್ಪನ ಫೋನು ಬಂತು. ಮೆಕ್ಕೆಜೋಳದ ಲೋಡು, ಈಸೂರಿನ ಹತ್ತಿರ ಲಾರಿ ನಡುಗಿತಂತೆ, ಬದಿಗೆ ನಿಲ್ಲಿಸಿದ್ದನಂತೆ. ಹುಚ್ಚರಾಯಪ್ಪ ಹೋಗುವಷ್ಟರಲ್ಲಿ ತೀರ್ಥೇಶನೂ ಬಂದಿದ್ದ. ಬೇರೆ ಲಾರಿಗಳ ಮೂವರು ಡ್ರೈವರುಗಳೂ ನಿಂತಿದ್ದರು.

"ಎಲ್ಲಿ ತಪ್ಪಿದ್ನೋ ತಿಳೀವಲ್ದು ಗುರುಗಳೇ. ನಾನು ಕೈ ಹಚ್ಚಿಲ್ಲ, ನೀವೇ ನೋಡ್ರಿ," ಎಂದ ತೀರ್ಥೇಶ. ಅವನ ಕಣ್ಣು ತುಂಬಿತ್ತು.

ಹುಚ್ಚರಾಯಪ್ಪನಿಗೆ ಆ ಮುಖ ನೋಡಲಾಗಲಿಲ್ಲ. ಬೇಗ ಮುಗಿಸಿ ಮನೆ ಸೇರಬೇಕು, ಅಷ್ಟೇ. ಬಾನೆಟ್ ಎತ್ತಿ ಸ್ಪ್ಯಾನರ್ ಹಾಕಿದ, ತಲೆ ಎತ್ತದೆ ಬಿಚ್ಚಿದ, ನಾಜಲ್ ಹೊರತೆಗೆದ.

"ಹೊಸದು ಅಂತ ಹೇಳಿ ಹಳೇ ನಾಜಲ್ ಹಾಕ್ಯಾನೆ, ನೋಡ್ರಪ್ಪ!"

ಯಾರೂ ನಾಜಲ್ ನೋಡಲಿಲ್ಲ. ತೀರ್ಥೇಶ ಗುರುವಿನ ಮುಖವನ್ನೇ ನೋಡುತ್ತಿದ್ದ. ಪಂಚಾಕ್ಷರಪ್ಪ ಅಂಗಿಯ ಜೇಬಿಗೆ ಕೈ ಹಾಕಿ ಲಾರಿಯ ಕೀಲಿ ಹೊರತೆಗೆದ. "ಆರು ಸಿಲಿಂಡರ್ ಅದಾವು ಮೇಸ್ತ್ರಿ. ಮೂರನೇದೇ ಅಂತ ಹೆಂಗೆ ಗೊತ್ತಾತು? ನೀವು ಬಂದ ಮೇಲೆ ಗಾಡಿ ಇನ್ನೂ ಚಾಲೂನೇ ಮಾಡಿಲ್ಲಲ್ರೀ."