ಇಂಬು ಎಂಬ ಹೆಸರು

"ಆ ಹೆಸರು ಇನ್ನೊಂದು ಸಲ ನಿನ್ನ ಬಾಯಲ್ಲಿ ಬಂದ್ರೆ ನೋಡು! ನಾನಂತೂ ಸುಮ್ನಿರಲ್ಲ!"

ಅತ್ತೆ ಕೈಯಲ್ಲಿದ್ದ ಅರೆತುಂಬಿದ ದಿಂಬನ್ನು ನೆಲಕ್ಕೆ ಎಸೆದಳು. ಬಾಯಿ ಹೊಲಿಯದ ದಿಂಬು… ಒಳಗಿನ ಹತ್ತಿಯೆಲ್ಲ ಹೊರಗೆ ಹಾರಿ ಅಂಗಡಿಯ ಹಿಂದಿನ ಕೋಣೆಯ ತುಂಬ ತೇಲತೊಡಗಿತು. ಕಿಟಕಿಯಿಂದ ಬೀಳುತ್ತಿದ್ದ ಬಿಸಿಲಿನಲ್ಲಿ ಎಳೆಗಳು ಮೇಲೇರಿದವು, ಸುತ್ತಿದವು, ಅವಸರವೇ ಇಲ್ಲದೆ ಕೆಳಗಿಳಿದವು. ಸೊಸೆಯ ತಲೆಯ ಮೇಲೆ, ಹೊಲಿಗೆ ಯಂತ್ರದ ಮೇಲೆ, ಹಾಸಿಗೆಯಲ್ಲಿ ಮಲಗಿದ್ದ ಮೂರು ತಿಂಗಳ ಮಗುವಿನ ಹುಬ್ಬಿನ ಮೇಲೂ ಕೂತವು. ಜಗಳ ಅಷ್ಟು ಜೋರಾಗಿದ್ದರೂ ಕೋಣೆ ಮಾತ್ರ ಕನಸಿನಲ್ಲಿ ಕಂಡ ಹಾಗೆ ಬೆಳ್ಳಗಾಗುತ್ತ ಹೋಯಿತು. ಮಗು ಆ ಎಳೆಗಳನ್ನು ನೋಡಿ ನಕ್ಕಿತು. ಅದಕ್ಕೇನು! ಇನ್ನೂ ಹೆಸರೇ ಇಲ್ಲದವರಿಗೆ ಚಿಂತೆಯಾದರೂ ಎಲ್ಲಿಂದ ಬರಬೇಕು?

"ಅತ್ತೆ… ಅದು ಅವರೇ ಇಟ್ಟ ಹೆಸರು…" ಸೊಸೆ ಮಗುವಿನ ಹುಬ್ಬಿನ ಮೇಲಿನ ಎಳೆ ತೆಗೆದಳು.

"ಇಂಬು! ಅದೂ ಒಂದು ಹೆಸರಾ? ದಿಂಬು ಮಾರೋರ ಮನೆಯಲ್ಲಿ ಇಂಬು! ನಾಳೆ ಬೀದಿ ಮಕ್ಕಳೆಲ್ಲ ಹಾಸಿಗೆ, ಚಾದರ, ಹೊದಿಕೆ ಅಂತ ಕರೀತಾವೆ. ನನ್ನ ಮಗನ ಹೆಸರೇ ಇಡು ಅಂದ್ರೆ ನಿನಗೇನು ಕಷ್ಟ?"

"ಅವರ ಹೆಸರು ಕೂಗಿದಾಗ ಬೇರೆ ಯಾರೋ ತಿರುಗಿ ನೋಡಿದ್ರೆ… ನನ್ನಿಂದ ತಡ್ಕೊಳ್ಳೋಕಾಗಲ್ಲ ಅತ್ತೆ!"

ಬೀದಿಯವರು ಅತ್ತೆಯನ್ನು ಹಾಸಿಗೆಯಮ್ಮ ಎಂದು ಕರೆಯುತ್ತಿದ್ದರು. ಅವಳು ತುಂಬಿದ ದಿಂಬಿಗೆ ತಲೆ ಕೊಟ್ಟರೆ ಎಂಥವನಿಗೂ ನಿದ್ದೆ, ಅವಳ ನಾಲಿಗೆಗೆ ತಲೆ ಕೊಟ್ಟರೆ ಎಂಥವನಿಗೂ ನಿದ್ದೆಗೇಡು. ಗಂಡ ಬೇಗ ತೀರಿಕೊಂಡ ಮೇಲೆ ಹತ್ತಿ ಹಿಂಜಿ, ಹಾಸಿಗೆ ಹೊಲಿದು, ಒಬ್ಬ ಮಗಳನ್ನೂ ಒಬ್ಬ ಮಗನನ್ನೂ ದೊಡ್ಡವರನ್ನಾಗಿ ಮಾಡಿದವಳು. ಮಗಳು ಮದುವೆಯಾಗಿ ಪಕ್ಕದ ಬಡಾವಣೆಗೆ ಹೋದಳು. ಮಗ ತಾಯಿಯ ಜೊತೆಯೇ ಉಳಿದ. ಮಾತು ಕಡಿಮೆ, ಯಾವಾಗಲೂ ಏನೋ ಯೋಚಿಸುತ್ತಿರುವ ಮುಖ. ಹಿಂಜುವ ಯಂತ್ರದ ಮುಂದೆ ನಿಂತನೆಂದರೆ ಕೂದಲು ಮೀಸೆಯೆಲ್ಲ ಬೆಳ್ಳಗಾಗಿ, ಇಪ್ಪತ್ತೊಂಬತ್ತರ ಹುಡುಗ ತೊಂಬತ್ತರ ಮುದುಕನಂತೆ ಕಾಣುತ್ತಿದ್ದ. ಹೆಂಡತಿ ಬಸುರಿಯಾದ ಮೇಲೆ ಒಂದು ಸಂಜೆ ಅವಳ ಕಿವಿಯ ಬಳಿ ಬಂದು, "ಗಂಡಾದ್ರೆ ಒಂದು ಹೆಸರು ಯೋಚ್ನೆ ಮಾಡಿಟ್ಟಿದೀನಿ. ಈಗ ಹೇಳಲ್ಲ, ಹುಟ್ಟಲಿ" ಎಂದಿದ್ದ. ಎಷ್ಟು ಪೀಡಿಸಿದರೂ ಬಾಯಿ ಬಿಡಲಿಲ್ಲ.

ಆ ಹೆಸರನ್ನು ಅವನು ಕೊನೆಗೂ ಹೇಳಿದನೋ ಇಲ್ಲವೋ… ಈಗ ಮನೆ ಹೊತ್ತಿ ಉರಿಯುತ್ತಿದ್ದದ್ದು ಅದಕ್ಕೇ.

ಅವಳಿಗೆ ಏಳು ತಿಂಗಳು ತುಂಬಿದಾಗ ಅವನಿಗೆ ಜ್ವರ ಬಂತು. ಸಾಮಾನ್ಯ ಜ್ವರವೆಂದುಕೊಂಡದ್ದು ತಲೆಗೇರಿತು. ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ಯಾರು ಕೂರಬೇಕು ಎಂಬ ವಿಷಯಕ್ಕೆ ಅತ್ತೆ ಸೊಸೆಗೆ ಮಾತಿಗೆ ಮಾತು ಬೆಳೆಯಿತು. "ನಿನ್ನ ಗಂಡ ತಾನೆ, ನೀನೇ ಕಾದ್ಕೋ!" ಎಂದು ಅತ್ತೆ ಮುಖ ಊದಿಸಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಗಲೇ ಅವನು ಕಣ್ಣು ತೆರೆದದ್ದು. ಅವನ ಕೈ ಹೆಂಡತಿಯ ತುಂಬಿದ ಹೊಟ್ಟೆಯ ಮೇಲೆ ಬಿದ್ದಿತ್ತು. "ಇಂಬು…" ಎಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಇಂಬೂ…" ಎಂದ. ಆಮೇಲೆ ಅವನು ಮಾತಾಡಲೇ ಇಲ್ಲ.

ಸೊಸೆ ಆ ಮಾತನ್ನು ಎದೆಯಲ್ಲಿ ಕಟ್ಟಿಕೊಂಡು ಬಂದಳು. ಹಾಸಿಗೆ ಹಿಂಜಿಸಲು ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರನ್ನು ಕೇಳಿದ್ದೂ ಆಯಿತು.

"ಒಳ್ಳೇ ಹಳೇ ಮಾತು ಕಣಮ್ಮ," ಎಂದಿದ್ದರು ಮೇಷ್ಟ್ರು. "ಇಂಬು ಅಂದ್ರೆ ಜಾಗ, ಆಸರೆ. ಯಾರಾದ್ರೂ ಬೆಂಬಲ ಕೊಟ್ರೆ ಇಂಬು ಕೊಟ್ರು ಅಂತೀವಲ್ಲ, ಅದೇ. ತಲೆಗೆ ಇಂಬು ಆಗೋದಕ್ಕೇ ತಲೆದಿಂಬು. ಆದ್ರೆ ಹುಡುಗನಿಗೆ ಇಟ್ಟಿದ್ದು ಮಾತ್ರ ನಾನು ಕೇಳಿಲ್ಲ. ಜೀವಮಾನವೆಲ್ಲ ಹಾಜರಿ ಕೂಗಿದೀನಿ, ಒಬ್ಬನಾದ್ರೂ ಇಂಬು ಅಂತ ಸಿಗಲಿಲ್ಲ."

ಆಸರೆ! ತಂದೆಯಿಲ್ಲದ ಮನೆಗೆ ಬರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಹೆಸರುಂಟೆ? ಗಂಡ ಎಲ್ಲವನ್ನೂ ತಿಳಿದೇ ಹೇಳಿ ಹೋದನೆಂದು ಸೊಸೆ ಅಂದು ತುಂಬ ಅತ್ತಳು, ಅತ್ತು ಹಗುರಾದಳು. ಅಂದಿನಿಂದ ಅವಳು ಮಗುವನ್ನು ಗುಟ್ಟಾಗಿ ಹಾಗೆಯೇ ಕರೆಯುತ್ತಿದ್ದಳು. ಅತ್ತೆಯ ಕಿವಿಗೆ ಬಿದ್ದದ್ದು ಇವತ್ತು; ಆಸ್ಪತ್ರೆಯಲ್ಲಿ ಅವನು ಎರಡು ಸಲ ಹಾಗೆಂದದ್ದನ್ನೂ ಸೊಸೆ ಹೇಳಿದ್ದು ಆಗಲೇ.

ಮಧ್ಯಾಹ್ನದ ಹೊತ್ತಿಗೆ ಅತ್ತೆಯ ಮಗಳು ಬಂದಳು; ಜಗಳದ ಸುದ್ದಿ ಬೀದಿಯಲ್ಲೇ ಕಿವಿಗೆ ಬಿದ್ದಿತ್ತು. ಮರುದಿನ ಮಗುವಿನ ಹೆಸರು ಬರೆಸಲು ಕಚೇರಿಗೆ ಹೋಗಬೇಕಿತ್ತು. ಅಂಗಡಿಯಲ್ಲಿ ತಾಯಿ ಒಬ್ಬಳೇ ಕೂತು ಚೆಲ್ಲಿದ ಹತ್ತಿಯನ್ನು ಮತ್ತೆ ತುಂಬುತ್ತಿದ್ದಳು.

"ಏನಮ್ಮ ಇದು? ಬಾಣಂತಿ ಮೇಲೆ ಹೀಗಾ ಕೂಗಾಡೋದು? ಅವನು ಇಟ್ಟ ಹೆಸರಂತೆ, ಇಟ್ಕೊಳ್ಳಲಿ ಬಿಡು. ಏನಂತೆ ಹೆಸರು?"

ತಾಯಿ ತಲೆಯೆತ್ತಲಿಲ್ಲ. "ಇಂಬು" ಎಂದಳು.

 ಮಗಳು ಹತ್ತಿಯ ಮೂಟೆಯ ಮೇಲೆ ಹಾಗೇ ಕುಸಿದು ಕೂತಳು.

"ಅಮ್ಮ… ಅವನಿಗೆ ಚಿಕ್ಕವನಿದ್ದಾಗ ದಿಂಬು ಅನ್ನೋಕೆ ಬರ್ತಿರಲಿಲ್ಲ. ಇಂಬು, ಇಂಬು ಅಂತ ಅಳ್ತಿದ್ದ. ಮನೆ ತುಂಬ ದಿಂಬಿದ್ರೂ ಒಂದೂ ಬೇಡ, ನಿನ್ನ ತೊಡೆಯೇ ಬೇಕು. ಕೊನೆಗೆ ನಿನ್ನನ್ನೇ ಇಂಬು ಅಂತ ಕರೆಯೋಕೆ ಶುರು ಮಾಡಿದ್ದ. ಅಮ್ಮ ಅನ್ನೋಕೆ ಕಲಿಸೋಷ್ಟರಲ್ಲಿ ನಾವೆಲ್ಲ ಸುಸ್ತಾಗಿದ್ವಿ…"

"ನನಗೇನು ಮರೆತಿದೆಯೇನೇ?" ತಾಯಿ ಕೈಯಲ್ಲಿದ್ದ ಹತ್ತಿಯನ್ನು ಹಿಸುಕಿದಳು. "ಜ್ವರ ತಲೆಗೇರಿ ಮತ್ತೆ ಮಗುವಾಗಿಬಿಟ್ಟಿದ್ದ ಕಣೇ ಅವನು! ನನ್ನನ್ನ ಕರೆದ… ನನ್ನ ಮಗ ನನ್ನನ್ನ ಕರೆದ! ನಾನು ಮೆಟ್ಟಿಲ ಮೇಲೆ ಕೋಪ ಮಾಡ್ಕೊಂಡು ಕೂತಿದ್ದೆ. ಎರಡು ಸಲ ಕರೆದನಂತೆ… ಎರಡು ಸಲ!"

ಅವಳು ಬಾಯಿಗೆ ಸೆರಗು ತುರುಕಿಕೊಂಡು ಬಿಕ್ಕಿದಳು. ಹೆರಿಗೆಯ ನೋವಿಗೂ ಅಳದ ಹೆಂಗಸು! ಮಗಳು ಅವಳ ಬೆನ್ನು ಸವರಿದಳು.

"ಹಾಗಾದ್ರೆ ಅವಳಿಗೆ ಹೇಳಿಬಿಡಮ್ಮ. ಜಗಳವೇ ಇರಲ್ಲ."

"ಹೇಳ್ತೀನಿ. ನಾಳೆ ಬರೆಸೋ ಮುಂಚೆ ಹೇಳೇ ಹೇಳ್ತೀನಿ. ನನ್ನ ಮಗನ ಕೊನೇ ಮಾತು ನಂದು. ಅದನ್ನ ಇನ್ನೊಬ್ಬರಿಗೆ ಬಿಟ್ಟುಕೊಡೋಕೆ ನಾನೇನು ಕಲ್ಲಾ?"

ಬೆಳಿಗ್ಗೆ ಅವಳು ಆ ಮಾತನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡು ಎದ್ದಳು. ಬಚ್ಚಲಲ್ಲಿ ಸೊಸೆ ಮಗುವಿಗೆ ನೀರು ಹಾಕುತ್ತಿದ್ದಳು. ಬಾಗಿಲು ಅರ್ಧ ತೆರೆದಿತ್ತು, ಹಬೆ ತೆಳ್ಳಗೆ ಹೊರಗೆ ಹರಿದು ಬರುತ್ತಿತ್ತು. ಅತ್ತೆ ಟವೆಲು ಹಿಡಿದು ಬಾಗಿಲವರೆಗೂ ಬಂದವಳು ಅಲ್ಲೇ ನಿಂತಳು. ಒಳಗೆ ಸೊಸೆ ಮಗುವಿನ ಜೊತೆ ಮಾತಾಡುತ್ತಿದ್ದಳು.

"ನಿಮ್ಮಪ್ಪ ಮಹಾ ಮೌನಿ, ಗೊತ್ತಾ? ಒಂದೂವರೆ ವರ್ಷ ಜೊತೇಲಿದ್ರು, ಸರಿಯಾಗಿ ಜಗಳಾನೂ ಆಡಲಿಲ್ಲ. ಆಮೇಲೆ ಮಾತಾಡೋಣ, ಆಮೇಲೆ ಮಾತಾಡೋಣ ಅಂತ ನಾನೂ ಸುಮ್ನಿದ್ದೆ… ಆಮೇಲೆ ಅನ್ನೋದೇ ಬರಲಿಲ್ಲ ನೋಡು. ಆದ್ರೂ ಹೋಗೋವಾಗ ನಮ್ಮಿಬ್ಬರನ್ನ ನೆನೆಸ್ಕೊಂಡ್ರಲ್ಲ, ಅಷ್ಟು ಸಾಕು ನನಗೆ. ಅಷ್ಟರಲ್ಲೇ ಬದುಕ್ತೀನಿ…"

ಹಬೆಯ ಆಚೆ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಎಷ್ಟು ಚಿಕ್ಕ ಹುಡುಗಿ ಇವಳು ಎಂದು ಅತ್ತೆಗೆ ಮೊದಲ ಸಲ ಅನ್ನಿಸಿತು. ತನಗೋ, ಮಗನ ತೊದಲು ಇತ್ತು, ಹಟ ಇತ್ತು, ಅವನು ಹೇಳಿದ ಸುಳ್ಳುಗಳಿದ್ದವು, ನಿದ್ದೆಗಣ್ಣಲ್ಲಿ ಹೇಳಿದ ಕನಸುಗಳಿದ್ದವು… ಒಂದು ಹಾಸಿಗೆ ತುಂಬಿದರೂ ಮುಗಿಯದಷ್ಟು. ಅವಳು ಬಾಗಿಲ ಸಂದಿಯಿಂದ ಟವೆಲು ಒಳಗೆ ಚಾಚಿದಳು.

"ಬೇಗ ಒರೆಸು. ಶೀತ ಆಗುತ್ತೆ" ಎಂದಷ್ಟೇ ಹೇಳಿ ಸರಿದುಹೋದಳು.

ಕಚೇರಿಯಲ್ಲಿ ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ಗಾಜಿನ ಹಿಂದಿದ್ದ ಗುಮಾಸ್ತ ಕನ್ನಡಕ ಮೇಲೇರಿಸಿ ಕೇಳಿದ.

"ಮಗು ಹೆಸರು?"

ಸೊಸೆ ಅತ್ತೆಯ ಕಡೆ ಹೆದರಿಕೆಯಿಂದ ನೋಡಿ, ಮೆಲ್ಲಗೆ, "ಇಂಬು" ಎಂದಳು.

"ಶಂಭು?"

"ಇಂಬು."

"ಅಂಬು?"

"ಇಲ್ಲ ಸ್ವಾಮಿ, ಇಂಬು… ಇ… ಇಂಬು."

"ಇಷ್ಟು ವರ್ಷದಿಂದ ಹೆಸರು ಬರೀತಿದೀನಿ, ಇದು ಮಾತ್ರ ಬಂದೇ ಇಲ್ಲ. ಎಲ್ಲಿಂದ ಹುಡುಕಿದ್ರಮ್ಮ?"

"ಇವನ ಅಪ್ಪ ಇಟ್ಟದ್ದು…"

ಮಗಳು ತಾಯಿಯ ಮೊಣಕೈ ತಿವಿದಳು. "ಅಮ್ಮ, ಹೇಳು. ಈಗ ಹೇಳದೆ ಇನ್ಯಾವಾಗ ಹೇಳ್ತೀಯಾ?"

ಸೊಸೆಯ ಮುಖ ಬಿಳಿಚಿಕೊಂಡಿತು. "ಏನು… ಏನು ಹೇಳ್ಬೇಕು ಅತ್ತೆ?"

ಹಾಸಿಗೆಯಮ್ಮ ಸೊಸೆಯ ಕಡೆ ತಿರುಗಿದಳು. ಗುಮಾಸ್ತನ ಪೆನ್ನು ಕಾಯುತ್ತಿತ್ತು. ಆ ಒಂದು ಕ್ಷಣದಲ್ಲಿ ಅವಳ ಎದೆಯೊಳಗೆ ಏನೇನು ಹರಿಯಿತೋ, ಹೆತ್ತವರೇ ಊಹಿಸಿಕೊಳ್ಳಬೇಕು!

"ಏನಿಲ್ಲ ಕಣೇ… ಅವನು ನನಗೂ ಹೇಳಿದ್ದ. ಜ್ವರ ಬರೋಕೆ ಮುಂಚೇನೇ. ಹತ್ತಿ ಹಿಂಜ್ತಾ ನಿಂತಿದ್ದ, ಯಂತ್ರ ನಿಲ್ಲಿಸಿ, ಅಮ್ಮ, ಮಗ ಹುಟ್ಟಿದ್ರೆ ಇಂಬು ಅಂತ ಇಡ್ತೀನಿ, ಅವಳಿಗೆ ಈಗ್ಲೇ ಹೇಳ್ಬೇಡ ಅಂದಿದ್ದ. ನಾನೇ ಹಟಕ್ಕೆ ಬಿದ್ದು ಮುಚ್ಚಿಟ್ಟೆ. ಕೆಟ್ಟವಳು ನಾನು… ಬರ್ಕೊಳ್ಳಿ ಸ್ವಾಮಿ, ಇಂಬು."

"ನಿಜವಾಗ್ಲೂ ಅತ್ತೆ? ನಿಜವಾಗ್ಲೂ?" ಸೊಸೆ ಮಗುವನ್ನು ಅಪ್ಪಿಕೊಂಡೇ ಅತ್ತೆಯ ಭುಜದ ಮೇಲೆ ಕುಸಿದಳು. "ನನಗೇ ಒಂದೊಂದ್ಸಲ ಅನುಮಾನ ಬರ್ತಿತ್ತು… ಜ್ವರದಲ್ಲಿ ಏನೋ ಅಂದ್ರು, ನಾನೇ ಹೆಸರು ಅಂದ್ಕೊಂಡೆನೇನೋ ಅಂತ… ಯಾರಿಗೂ ಹೇಳಿರಲಿಲ್ಲ ಅತ್ತೆ…"

"ಹುಚ್ಚಿ! ಹೆಸರೇ ಅದು. ಅಳ್ಬೇಡ, ಜನ ನೋಡ್ತಾರೆ."

ಹೊರಗೆ ಬಂದ ಮೇಲೆ, ಸೊಸೆ ಮಗುವಿಗೆ ಬಿಸಿಲು ತಾಕದಂತೆ ಸೆರಗು ಮುಚ್ಚಿ ಮುಂದೆ ಮುಂದೆ ನಡೆಯುತ್ತಿದ್ದಾಗ, ಮಗಳು ತಾಯಿಯ ಕೈ ಹಿಡಿದು ನಿಲ್ಲಿಸಿದಳು.

"ಯಾಕಮ್ಮ ಹಾಗೆ ಹೇಳಿದೆ? ಅದು ನಿನ್ನದು…"

"ನನ್ನ ಹತ್ರ ಅವನ ಇಪ್ಪತ್ತೊಂಬತ್ತು ವರ್ಷದ ಮಾತಿದೆ. ಅವಳ ಹತ್ರ ಇರೋದು ಎರಡೇ ಅಕ್ಷರ." ತಾಯಿ ಕಣ್ಣೊರೆಸಿಕೊಂಡಳು. "ಅದನ್ನೂ ಕಿತ್ಕೊಳ್ಳಲೇನೇ?"

ಇಂಬು ಬೆಳೆದ. ಅತ್ತೆ ಹೇಳಿದ್ದಂತೆಯೇ ಬೀದಿ ಮಕ್ಕಳು ಮೊದಮೊದಲು ದಿಂಬು ಎಂದೇ ಕರೆದವು. ಆದರೆ ಹುಡುಗ ಮುದ್ದು, ನಗು ಇನ್ನೂ ಮುದ್ದು. ಬೇಕರಿಯವನ ಹೆಂಡತಿಗೆ ಆ ಹೆಸರು ಹಿಡಿಸಿ, ತನ್ನ ಎರಡನೆಯವನಿಗೆ ಇಟ್ಟಳು. ಬೇಕರಿಯವರು ಇಟ್ಟರೆಂದು ಬೀಗ ರಿಪೇರಿಯವನೂ ಇಟ್ಟ. ಊರಿಗೆಲ್ಲ ಒಬ್ಬನಿಗೇ ಇದ್ದ ಹೆಸರು ಒಂದೇ ಬೀದಿಯಲ್ಲಿ ಮೂವರದಾಗಿ, ನಾಲ್ಕನೆಯವನು ತೊಟ್ಟಿಲಲ್ಲಿದ್ದ. ಬೇಗ ನಿವೃತ್ತನಾದದ್ದು ಒಳ್ಳೆಯದಾಯಿತು, ಹಾಜರಿ ಕೂಗಿದರೆ ನಾಲ್ವರು ಒಟ್ಟಿಗೆ ಓಗೊಡುತ್ತಿದ್ದರು ಎಂದು ಮೇಷ್ಟ್ರು ನಗುತ್ತಿದ್ದರು. ಹೊಸ ತಾಯಂದಿರು ದಿಂಬು ಕೊಳ್ಳಲು ಬಂದಾಗ ಈ ಹೆಸರು ಎಲ್ಲಿಂದ ಬಂತೆಂದು ಕೇಳುತ್ತಿದ್ದರು. ಸೊಸೆ ಮುಖ ಅರಳಿಸಿಕೊಂಡು, ಗಂಡ ಯಂತ್ರ ನಿಲ್ಲಿಸಿ ತಾಯಿಗೆ ಗುಟ್ಟು ಹೇಳಿದ ಕತೆಯನ್ನು ಹೇಳುತ್ತಿದ್ದಳು. ಹೇಳಿ ಹೇಳಿ ಆ ಕತೆಗೆ ಒಂದು ಸಂಜೆಯ ಬಿಸಿಲು, ಅವನ ಮೀಸೆಯ ಮೇಲಿನ ಹತ್ತಿ ಎಲ್ಲ ಸೇರಿಕೊಂಡಿದ್ದವು.

"ಅಲ್ವಾ ಅತ್ತೆ?" ಎನ್ನುತ್ತಿದ್ದಳು ಕೊನೆಗೆ.

"ಹೌದು ಕಣಮ್ಮ," ಎನ್ನುತ್ತಿದ್ದಳು ಅತ್ತೆ, ಪ್ರತಿ ಸಲವೂ.

ಒಂದು ಸಂಜೆ ಅತ್ತೆ ದಿಂಬಿನ ಬಾಯಿ ಹೊಲಿಯುತ್ತ ಕೂತಿದ್ದಳು. ಕತ್ತಲಾಗಲು ಇನ್ನೂ ಸ್ವಲ್ಪ ಹೊತ್ತಿತ್ತು, ಬೀದಿಯಲ್ಲಿ ಮಕ್ಕಳು ಆಡುತ್ತಿದ್ದರು. ಎದುರು ಮಹಡಿಯ ಕಿಟಕಿ ತೆರೆಯಿತು. "ಇಂಬೂ…" ಎಂದು ಯಾರೋ ಕರೆದರು.

ಅತ್ತೆಯ ಸೂಜಿ ನಿಂತಿತು. "ಹ್ಞಾಂ, ಬಂದೆ ಕಂದಾ" ಎನ್ನುತ್ತ ಅವಳು ಅರ್ಧ ಎದ್ದೇಬಿಟ್ಟಳು.

"ಏನತ್ತೆ?" ಎಂದಳು ಸೊಸೆ. "ಅದು ಬೇಕರಿಯೋರ ಮಗನನ್ನ ಕರೆದದ್ದು."

"ಹೌದಾ…" ಅತ್ತೆ ಮತ್ತೆ ಕೂತು, ಬೆಳಕಿಗೆ ಸೂಜಿ ಹಿಡಿದು ದಾರವನ್ನು ಹುಡುಕಿದಳು. "ನನ್ನನ್ನೇ ಯಾರೋ ಕರೆದ ಹಾಗಾಯ್ತು."