ಹನ್ನೊಂದನೇ ನಂಬರಿನ ಹೊದಿಕೆ

ಹನ್ನೆರಡನೇ ತಾರೀಖು ಬೆಳಿಗ್ಗೆ 9.40ಕ್ಕೆ ಸಿದ್ಧ ಉಡುಪು ಕಾರ್ಖಾನೆಯ ಮ್ಯಾನೇಜರ್ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಕ್ಯಾಮೆರಾಗಳ ದೃಶ್ಯ ದಾಖಲಿಸುವ ರೆಕಾರ್ಡರ್ ಹಿಂದಿನ ದಿನ ಊಟದ ಬಿಡುವಿನಲ್ಲಿ ಕಳುವಾಗಿತ್ತು. ಕಳ್ಳನನ್ನು ತೋರಿಸಬೇಕಾದ ಯಂತ್ರವನ್ನೇ ಕಳ್ಳ ಹೊತ್ತೊಯ್ದಿದ್ದ. ಎಫ್‌ಐಆರ್ ಬರೆದ ಹೆಡ್ ಕಾನ್‌ಸ್ಟೆಬಲ್‌ಗೆ ನಗು ಬಂತು, ಮ್ಯಾನೇಜರ್‌ಗೆ ಬರಲಿಲ್ಲ.

ನಾಲ್ಕು ದಿನ ಇನ್‌ಸ್ಪೆಕ್ಟರ್ ಗೇಟಿನ ಕಾವಲುಗಾರರನ್ನು ವಿಚಾರಿಸಿದರು, ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿಸಿದರು. ಸುಳಿವು ಸಿಗಲಿಲ್ಲ.

ಹದಿನಾರನೇ ತಾರೀಖು ಹನ್ನೊಂದು ಗಂಟೆಗೆ ಹೊಸ ರೆಕಾರ್ಡರ್ ಜೋಡಿಸಲು ಟೆಕ್ನಿಷಿಯನ್ ಬಂದ. ಹಳೆಯದಕ್ಕಿದ್ದ ನೆಟ್‌ವರ್ಕ್ ನಂಬರನ್ನೇ ಹೊಸದಕ್ಕೂ ಕೊಡಲು ಹೋಗಿ ತಲೆ ಕೆರೆದುಕೊಂಡ.

“ಸಾರ್, ಈ ನಂಬರು ತಗೊಳ್ತಾ ಇಲ್ಲ. ಬೇರೆ ಯಾವ್ದೋ ಯಂತ್ರ ಹಿಡ್ಕೊಂಡು ಕೂತಿದೆ.”

“ಯಾವುದು?” ವಿಚಾರಣೆಗೆಂದು ಅಲ್ಲೇ ಇದ್ದ ಇನ್‌ಸ್ಪೆಕ್ಟರ್ ಕೇಳಿದರು.

ಅವನು ಲ್ಯಾಪ್‌ಟಾಪಿನಲ್ಲಿ ಕಾರ್ಖಾನೆಯ ಯಂತ್ರಗಳ ಪಟ್ಟಿ ತೆಗೆದ. ಪ್ರಿಂಟರ್, ಹಾಜರಿ ಯಂತ್ರ, ಕ್ಯಾಮೆರಾಗಳು. ಪ್ರತಿಯೊಂದರ ಮುಂದೆಯೂ ತಯಾರಾಗುವಾಗಲೇ ಅದಕ್ಕೆ ಅಂಟಿದ ಹನ್ನೆರಡು ಅಕ್ಷರ, ಅಂಕಿಗಳ ವಿಳಾಸವಿತ್ತು. ಇನ್‌ಸ್ಪೆಕ್ಟರ್ ಹಳೆಯ ರೆಕಾರ್ಡರಿನ ಖಾಲಿ ಡಬ್ಬ ತರಿಸಿ, ಅದರ ಮೇಲಿನ ಚೀಟಿಯನ್ನು ಒಂದೊಂದೇ ಅಕ್ಷರವಾಗಿ ಓದಿದರು. ಹನ್ನೆರಡೂ ತಾಳೆಯಾದವು. ಕಳುವಾದ ಯಂತ್ರ ಕಟ್ಟಡ ಬಿಟ್ಟೇ ಹೋಗಿರಲಿಲ್ಲ.

“ಎಲ್ಲಿದೆ?”

“ವೈರೆಲ್ಲಾ ಸೇರೋ ಪೆಟ್ಟಿಗೆಯ ಹದಿನೇಳನೇ ಕಿಂಡಿಯಿಂದ ಉತ್ತರ ಬರ್ತಿದೆ. ಆ ವೈರ್ ಹಿಡ್ಕೊಂಡು ಹೋದ್ರೆ ಸಿಗುತ್ತೆ ಸಾರ್.”

ಆ ವೈರು ಹೋಗಿದ್ದು ಗುಂಡಿ, ದಾರ ಇಡುವ ಉಗ್ರಾಣಕ್ಕೆ. ಡಬ್ಬಗಳ ಹಿಂದೆ ಹಸಿರು ದೀಪ ಮಿನುಗಿಸುತ್ತ ರೆಕಾರ್ಡರ್ ಕೂತಿತ್ತು. ಕರೆಂಟಿನ ವೈರು, ನೆಟ್‌ವರ್ಕ್ ವೈರು ಎರಡನ್ನೂ ಸರಿಯಾಗಿ ಚುಚ್ಚಿಡಲಾಗಿತ್ತು. ಅಡಿಯಲ್ಲಿ ಮಗುವಿನ ಹೊದಿಕೆಯೊಂದನ್ನು ಮಡಿಸಿ ಹಾಸಿದ್ದರು. ಅದರ ಮೂಲೆಯಲ್ಲಿ ಕೆಂಪು ದಾರದಲ್ಲಿ ಹೊಲಿದ ಸಂಖ್ಯೆ, ಹನ್ನೊಂದು. 12.20ಕ್ಕೆ ಪಂಚನಾಮೆ ಮುಗಿಯಿತು.

ಕಾರ್ಖಾನೆಯ ಶಿಶುಪಾಲನಾ ಕೊಠಡಿಯ ಆಯಾ ಹೊದಿಕೆಯನ್ನು ನೋಡಿದ ಕೂಡಲೇ ಗುರುತಿಸಿದಳು.

“ಒಂದೊಂದು ಮಗುಗೂ ಒಂದೊಂದು ನಂಬರು ಸಾರ್. ಹನ್ನೊಂದು ಪುಟ್ಟಿದು.”

“ಮಗು ಎಲ್ಲಿ?”

“ಹೋಗ್ಬಿಡ್ತು ಸಾರ್. ಹೋದ ತಿಂಗಳು. ಜ್ವರ ಬಂದು ಮೂರೇ ದಿನ.”

ತಾಯಿ ಗುಂಡಿ ವಿಭಾಗದವಳು. ಉಗ್ರಾಣದ ಬೀಗದಕೈ ಅವಳ ಬಳಿಯೇ ಇರುತ್ತಿತ್ತು. ಕರೆಸಿದಾಗ ಏನನ್ನೂ ಅಲ್ಲಗಳೆಯಲಿಲ್ಲ.

“ಯಾಕಮ್ಮಾ ತೆಗೆದೆ?”

“ಹೋದ ತಿಂಗಳು ಹದಿನಾಲ್ಕನೇ ತಾರೀಖು ಪುಟ್ಟಿ ಮೊದಲ್ನೇ ಸಲ ನಡೆದ್ಳಂತೆ ಸಾರ್. ನಾಲ್ಕು ಹೆಜ್ಜೆ. ನಾನು ಮಿಷಿನ್ ಮುಂದೆ ಇದ್ದೆ. ಸಂಜೆ ಜ್ವರ ಏರ್ತು, ಆಮೇಲೆ ಎದ್ದು ನಿಲ್ಲಲೇ ಇಲ್ಲ. ಕ್ಯಾಮೆರಾದಲ್ಲಿ ಇರುತ್ತೆ, ಒಂದ್ಸಲ ತೋರ್ಸಿ ಅಂದೆ. ಮ್ಯಾನೇಜರ್ ಸಾರ್ ರೂಲ್ಸಲ್ಲಿ ಇಲ್ಲ ಅಂದ್ರು. ಮೂವತ್ತು ದಿನಕ್ಕೆ ತಾನೇ ಅಳಿಸಿ ಹೋಗುತ್ತೆ, ಮರೆತ್ಬಿಡು ಅಂದ್ರು. ಅಳಿಸೋಕೆ ಮುಂಚೆ ಎತ್ತಿಟ್ಕೊಂಡೆ, ತೋರ್ಸೋರು ಇನ್ನೂ ಯಾರೂ ಸಿಕ್ಕಿಲ್ಲ.”

ಮ್ಯಾನೇಜರ್ ಆಗ ತಮ್ಮ ಮೊಬೈಲಿನಲ್ಲಿ ಏನನ್ನೋ ಬಹಳ ಶ್ರದ್ಧೆಯಿಂದ ಹುಡುಕುತ್ತಿದ್ದರು.

“ವೈರ್ ಯಾಕೆ ಚುಚ್ಚಿಟ್ಟೆ?”

“ಕಿತ್ತಿಟ್ರೆ ಒಳಗಿರೋದೆಲ್ಲಾ ಹೋಗುತ್ತೆ ಅಂತ ಈ ಅಣ್ಣನೇ ಹೇಳಿದ್ರು. ಎರಡೇ ನಿಮಿಷದಲ್ಲಿ ಓಡಿ ಬಂದು ಚುಚ್ಚಿದೆ. ಇನ್ನೂ ಇದೆ ಅಲ್ವಾ ಅಣ್ಣಾ?”

ಟೆಕ್ನಿಷಿಯನ್ ತಲೆ ತಗ್ಗಿಸಿದ. ಫೋನ್ ಚಾರ್ಜ್ ಮಾಡಲು ರೆಕಾರ್ಡರಿನ ವೈರು ಕೀಳುವವರನ್ನು ಹೆದರಿಸಲೆಂದು ಅವನು ಎಲ್ಲರಿಗೂ ಹಾಗೆ ಹೇಳುತ್ತಿದ್ದ. ಕಿತ್ತಿಟ್ಟಿದ್ದರೆ ಪುಟ್ಟಿ ನಡೆದ ಆ ದಿನ ಹಾಗೇ ಉಳಿಯುತ್ತಿತ್ತು. ಚುಚ್ಚಿಟ್ಟದ್ದರಿಂದ ಯಂತ್ರ ಉಗ್ರಾಣದಲ್ಲಿ ಕೂತೇ ಹೊಸ ದಿನಗಳನ್ನು ಬರೆದುಕೊಂಡು, ಹಳೆಯ ದಿನಗಳನ್ನು ಒಂದೊಂದಾಗಿ ಅಳಿಸಿತ್ತು. ಲ್ಯಾಪ್‌ಟಾಪಿನ ಪರದೆಯಲ್ಲಿ ಉಳಿದಿದ್ದ ಅತಿ ಹಳೆಯ ತಾರೀಖು ಹೋದ ತಿಂಗಳ ಹದಿನೇಳು. ಅವಳಿಗೆ ಓದಲು ಬರುತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಈ ಯಂತ್ರ ಸಿಗದೇ ಹೋಗಿದ್ದರೆ ಚೆನ್ನಾಗಿತ್ತು ಎಂದು ಇನ್‌ಸ್ಪೆಕ್ಟರ್‌ಗೆ ಅನಿಸಿತು. ಕೆಲಸಕ್ಕೆ ಸೇರಿದಂದಿನಿಂದ ಅವರಿಗೆ ಹಾಗೆ ಅನಿಸಿದ್ದು ಅದೇ ಮೊದಲು.

1.35ಕ್ಕೆ ಬಂಧನ ದಾಖಲಾಯಿತು. ಮಹಿಳಾ ಕಾನ್‌ಸ್ಟೆಬಲ್ ಜೊತೆ ಹೊರಟವಳು ಶಿಶುಪಾಲನಾ ಕೊಠಡಿಯ ಬಾಗಿಲಲ್ಲಿ ನಿಂತಳು.

“ಅಕ್ಕಾ, ಎಲ್ಲಿಂದ ಎಲ್ಲಿವರೆಗೆ ನಡೆದ್ಳು?”

ಆಯಾ ಐವತ್ತು ದಾಟಿದ ಹೆಂಗಸು. ಕಿಟಕಿಯ ಪಕ್ಕ ನಿಂತು, ಎರಡೂ ಕೈ ಮೇಲೆತ್ತಿ, ಓಲಾಡುತ್ತ ನಾಲ್ಕು ಹೆಜ್ಜೆ ಇಟ್ಟಳು.

“ಆಮೇಲೆ?”

“ದೊಪ್ಪನೆ ಕೂತ್ಕೊಂಡು ನಕ್ಕಳು ಕಣೇ.”

“ಇನ್ನೊಂದ್ಸಲ ತೋರ್ಸಕ್ಕಾ.”

ಆಯಾ ಮತ್ತೆ ಕಿಟಕಿಯ ಬಳಿಗೆ ಹೋದಳು. ಕಾನ್‌ಸ್ಟೆಬಲ್ ಕಾದಳು. ವರದಿಯಲ್ಲಿ ಕಳವಿನ ಉದ್ದೇಶ ಎಂಬಲ್ಲಿ ಇನ್‌ಸ್ಪೆಕ್ಟರ್ ಬರೆದರು: ಮಗಳು ನಡೆದದ್ದನ್ನು ನೋಡುವ ಸಲುವಾಗಿ.