ಮೊದಲನೇ ತಂತಿ ಯಾವ ಕಡೆಯದು?

"ನಾ ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳಬೇಕಿತ್ರಿ! ದಪ್ಪ ತಂತಿ ಯಾಕ ಕಳಿಸಿದ್ರಿ?"

ಹಳಿಯಾಳ ಪೇಟೆಯ ಆ ಪುಟ್ಟ ವಾದ್ಯದಂಗಡಿಯಲ್ಲಿ ನೀಲಂ ಹಲ್ಲು ಕಚ್ಚಿ ಪಿಸುಗುಟ್ಟಿದಳು. ಜೋರಾಗಿ ಕೇಳುವಂತಿರಲಿಲ್ಲ. ಹೊರಗೆ ಬೈಕಿನ ಮೇಲೆ ಅಣ್ಣ ರೊಜಾರಿಯೊ ಕಾವಲು ಕೂತಿದ್ದ.

ಅಂಗಡಿಯ ಕುಬೇರನ ಮುಖ ಬಾಡಿತು. "ನೀವು ಕೇಳಿದ್ದನ್ನ ಕಳಿಸೇನ್ರಿ..."

ನೀಲಂ ಚರ್ಚಿನಲ್ಲಿ ಪಿಟೀಲು ನುಡಿಸುವವಳು. ಅಜ್ಜನ ಕಾಲದ ಆ ಪಿಟೀಲಿಗೆ ಗಟ್ಟಿ ಸದ್ದು ಬರಲೆಂದು ಅಣ್ಣ ಬಿಗಿಯಾದ ಉಕ್ಕಿನ ತಂತಿ ಹಾಕಿಸಿದ್ದ. ಕಳೆದ ಬೇಸಿಗೆಯಲ್ಲಿ ಅದನ್ನು ಕುಬೇರನಿಗೆ ತೋರಿಸಿದಾಗ, ಅವನು ಒಮ್ಮೆ ಕಮಾನು ಎಳೆದು ನೋಡಿದ್ದ.

"ಹಳೇ ಕಟಗಿ ಐತ್ರಿ. ಇಷ್ಟು ಬಿಗದ್ರ ಉಸಿರು ಕಟ್ಟತೈತಿ. ಮೆತ್ತಂದು ಹಾಕೂಣು."

'ಪಿಟೀಲಿನ ಮಾತೋ, ನನ್ನ ಮಾತೋ!' ಅವಳ ಮನಸ್ಸು ಅಂದೇ ಜಾರಿತ್ತು.

ಆಮೇಲೆ ತಂತಿಯ ನೆಪದಲ್ಲಿ ಭೇಟಿಗಳು. ಸುದ್ದಿ ಅಣ್ಣನ ಕಿವಿಗೂ ಬಿತ್ತು. ಇಬ್ಬರೂ ಸಿದ್ದಿ ಜನಾಂಗದವರೇ ಆದರೂ ಅವನು ಭಜನೆಯವನು, ಇವಳು ಚರ್ಚಿನವಳು. ಮೊಬೈಲ್ ಕಸಿದುಕೊಂಡದ್ದಾಯಿತು. ಮನೆ ಬಿಟ್ಟರೆ ಚರ್ಚು, ಚರ್ಚು ಬಿಟ್ಟರೆ ಮನೆ. ನಾಳೆ ಕ್ಯಾಸಲ್‌ರಾಕ್‌ನಿಂದ ಗಂಡಿನವರು ಬಂದು ಮದುವೆ ಮಾತು ಮುಗಿಸುವವರಿದ್ದರು.

ಕೊನೆಯ ಸಲ ಸಿಕ್ಕಾಗ ಕುಬೇರ ಹೇಳಿದ್ದ: "ಅವ್ವನ್ನ ಕರ್ಕೊಂಡು ನಿಮ್ಮನಿಗೆ ಬರ್ತೇನಿ. ಒಪ್ಪಿಗಿ ಇದ್ರ ಸಣ್ಣ ತಂತಿ ಬೇಕಂತ ಹೇಳಿ ಕಳಸ್ರಿ. ಇಲ್ಲಂದ್ರ ದಪ್ಪಂದು."

ಅವಳು ಒಪ್ಪಿಗೆಯೆಂದೇ ಪಕ್ಕದ ಮನೆಯ ಗೋದುಬಾಯಿಯ ಬಳಿ ಹೇಳಿ ಕಳಿಸಿದ್ದಳು. ಬಂದದ್ದು ದಪ್ಪ ತಂತಿ! ಅತ್ತು ಅತ್ತು ಕಣ್ಣು ಊದಿದ್ದವು. ಇಂದು ತಾನೇ ಪಿಟೀಲಿನ ಸಣ್ಣ ತಂತಿ ಕಿತ್ತುಹಾಕಿ, ನಾಳೆ ಚರ್ಚಿನಲ್ಲಿ ನುಡಿಸಬೇಕೆಂದು ಹಟ ಹಿಡಿದು ಬಂದಿದ್ದಳು. ಪೇಟೆಗೆ ಇದೊಂದೇ ವಾದ್ಯದಂಗಡಿ; ಅಣ್ಣನಿಗೂ ಬೇರೆ ದಾರಿಯಿರಲಿಲ್ಲ.

"ಗೋದುಬಾಯಿ ಏನಂದ್ಳ್ರಿ?"

"ಮೊದಲನೇ ತಂತಿ ಬೇಕಂತ, ಅಂದ್ಲು."

"ಮತ್ತ? ನಾ ಹೇಳಿದ್ದೂ ಅದನ್ನ. ಮೊದಲನೇದು ಸಣ್ಣದಲ್ಲೇನ್ರಿ?"

ಕುಬೇರ ಕಣ್ಣರಳಿಸಿದ. "ನಮ್ಮ ಭಜನಿ ಮ್ಯಾಳದಾಗ ದಪ್ಪ ಕಡಿಂದ ಎಣಸ್ತೇವ್ರಿ!"

"ನಮ್ಮ ಚರ್ಚಿನಾಗ ಸಣ್ಣ ಕಡಿಂದ..."

ಅಯ್ಯೋ ದೇವರೇ! ಎಣಿಕೆ ತಪ್ಪಿ ಬದುಕೇ ತಪ್ಪಿಹೋಗುತ್ತಿತ್ತಲ್ಲ!

"ಒಂದು ತಂತಿಗೆ ಎಷ್ಟೊತ್ತ?" ರೊಜಾರಿಯೊ ಒಳಗೇ ಬಂದುಬಿಟ್ಟ. "ಉಕ್ಕಿಂದು ಕೊಡಪಾ, ಬಿಗಿ ಇರೂದು. ಸದ್ದು ಬರಬೇಕು."

ಉಡುವ ಸೀರೆ ಅಣ್ಣ ಆರಿಸಿದ್ದ. ಗಂಡನ್ನೂ ಆರಿಸಿದ್ದ. ಈಗ ತಂತಿಯನ್ನೂ... ನೀಲಂಗೆ ಗೋಡೆಗಳು ಹತ್ತಿರ ಸರಿದಂತಾಯಿತು. ಈಗ ಸುಮ್ಮನಿದ್ದರೆ ಜೀವನವಿಡೀ ಸುಮ್ಮನಿರಬೇಕು!

"ಅಣ್ಣಾ, ನುಡಸೂ ಕೈ ನಂದು. ತಂತಿ ನಾನ ಆರಸ್ತೇನಿ."

ಮೆತ್ತನೆಯ ಸಣ್ಣ ತಂತಿಯೊಂದನ್ನು ಎತ್ತಿ, ಅಣ್ಣನ ಕಣ್ಣೆದುರೇ ಕುಬೇರನ ಅಂಗೈಯಲ್ಲಿಟ್ಟಳು.

"ನಾಳೆ ಇವರು ಅವ್ವನ್ನ ಕರ್ಕೊಂಡು ನಮ್ಮನಿಗೆ ಬರ್ತಾರ. ಕ್ಯಾಸಲ್‌ರಾಕ್‌ನವರಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡು. ಇಲ್ಲಂದ್ರ ಅವರ ಮುಂದನ ನಾ ಒಲ್ಲೆ ಅಂತೇನಿ."

"ಹುಚ್ಚು ಹಿಡದೈತೇನ ನಿನಗ?"

ಕುಬೇರ ಅವಳ ಪಕ್ಕಕ್ಕೆ ಬಂದು ನಿಂತ. "ಅಣ್ಣಾರ, ಬೇಕಾದಷ್ಟು ಬೈರಿ. ನಾಳೆ ಬಾಗಿಲಾ ಮಾತ್ರ ತಗೀರಿ."

ರೊಜಾರಿಯೊ ತಂಗಿಯ ಊದಿದ ಕಣ್ಣುಗಳನ್ನೇ ನೋಡಿದ. ತಾಯಿ ಸತ್ತ ಮೇಲೆ ಎತ್ತಿ ಬೆಳೆಸಿದವನು ಅವನೇ. ಅವಳು ಹೀಗೆ ನಿಂತು ಮಾತಾಡಿದ್ದನ್ನು ಅವನು ಕಂಡೇ ಇರಲಿಲ್ಲ.

"ಚಾ ಕುಡಿಸಿ ಕಳಸ್ತೇನಿ, ಅಷ್ಟ. ಹೂಂ ಅಂತ ನಾ ಇನ್ನೂ ಅಂದಿಲ್ಲ!" ಗೊಣಗುತ್ತಾ ಮೊಬೈಲ್ ಹಿಡಿದು ಹೊರಗೆ ನಡೆದ. "ಹಲೋ, ಕ್ಯಾಸಲ್‌ರಾಕ್ ಏನ್ರಿ?" ಎನ್ನುವುದು ಒಳಗೂ ಕೇಳಿಸಿತು.

ನೀಲಂಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಇನ್ಮ್ಯಾಲೆ ಯಾವ ಕಡಿಂದ ಎಣಸೂಣ್ರಿ?" ಕುಬೇರ ಕೇಳಿದ.

"ಮೊದಲ ಆ 'ರೀ' ಬಿಡು."

"ಹೂಂ... ಹೇಳು, ಯಾವ ಕಡಿಂದ?"

"ನನ್ನ ಕಡಿಂದ."